ಹತ್ತು ಬೈ ಎಂಟು

"ಉಡ್ಗಿ ಫೋಟೋ ಎಲ್ಲಪ್ಪಾ?" ಎಂದು ಕೇಳಿದಳು ಅರುಣಕುಮಾರಿ. ಬಂಗಾರಪೇಟೆಯ ಫ್ಲೆಕ್ಸ್ ಅಂಗಡಿಯ ಅವಳ ಕಂಪ್ಯೂಟರಿನಲ್ಲಿ, 'ನಿಶ್ಚಿತಾರ್ಥಕ್ಕೆ ಸುಸ್ವಾಗತ' ಎಂಬ ಅಕ್ಷರಗಳ ಕೆಳಗೆ, ಅವಳನ್ನು ಎತ್ತಿ ಆಡಿಸಿದ ಸೋದರಮಾವ ಸುಧಾಕರ್ ಒಬ್ಬನೇ ನಗುತ್ತಿದ್ದ.

"ನಿಂದೇ ಆಕಮ್ಮ. ಊರಿಗಾಂ ಛತ್ರದ್ ಮುಂದೆ ಕಟ್ಟಾದು. ಹತ್ತು ಬೈ ಎಂಟು ಇರ್ಲಿ," ಎಂದ ಅಪ್ಪ ಕೊಂಡಪ್ಪ, ಮಗಳ ಮುಖ ನೋಡದೆ.

ಅವನು ಫೋನಿಗೆ ಕಳಿಸಿದ್ದು ಅವಳ ಕಾಲೇಜು ಐಡಿ ಕಾರ್ಡಿನ ಪುಟ್ಟ ಫೋಟೋ. ಮಾವನ ಪಕ್ಕಕ್ಕೆ ಎಳೆದು ಹಿಗ್ಗಿಸಿದಳು. ಕಣ್ಣು, ತುಟಿ ಎಲ್ಲ ಚೌಕ ಚೌಕವಾಗಿ ಚೂರಾದವು.

"ಬ್ಯಾಡಪ್ಪಾ. ಇಷ್ಟು ದೊಡ್ಡದು ಮಾಡಿದ್ರೆ ಒಡ್ದೋಗ್ತದೆ."

ಕೊಂಡಪ್ಪ ನಕ್ಕ. "ಬಂದ ಗಿರಾಕಿಗೆಲ್ಲ ನೀನೇ ಏಳ್ತೀಯಲ್ಲಮ್ಮ, ದೂರದಿಂದ ನೋಡೋರ್ಗೆ ಅದೆಲ್ಲ ಗೊತ್ತಾಗಲ್ಲ ಅಂತ."