ಸಣ್ಣ ರಿಪೇರಿ

ನನ್ನ ಕೋಡ್ ಓದಿ ಅರ್ಥ ಮಾಡಿಕೊಳ್ಳಬಲ್ಲವನು ಈ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ. ಕಂಪನಿ ಸಾಲುಸಾಲಾಗಿ ಜನರನ್ನು ಮನೆಗೆ ಕಳಿಸುತ್ತಿದ್ದ ಆ ತಿಂಗಳಲ್ಲೂ, ಆನೆ ಕಟ್ಟಿ ಎಳೆದರೂ ನನ್ನ ಕುರ್ಚಿ ಅಲ್ಲಾಡದು ಎಂದು ಕಾಲು ಚಾಚಿ ಕೂತಿದ್ದೆ.

ಕೋಡ್ ಬದಲಿಸಿದವರು ಅದನ್ನು ಸೇರಿಸಿಕೊಳ್ಳಿ ಎಂದು ಪುಲ್ ರಿಕ್ವೆಸ್ಟ್ ಕಳಿಸುವಾಗ, ಏನು ಬದಲಿಸಿದೆ, ಏಕೆ ಬದಲಿಸಿದೆ ಎಂದು ವಿವರಣೆ ಬರೆಯಬೇಕಂತೆ. ನಾನು ಎಂದಿನಂತೆ ‘ಸಣ್ಣ ರಿಪೇರಿ’ ಎಂದು ಬರೆದೆ. ಹೊಸ ಟೀಮ್ ಲೀಡ್ ಚಿನ್ಮಯಿ ಅದನ್ನು ವಾಪಸ್ ಕಳಿಸಿದಳು.

“ಸಾರ್, ಇದ್ರಲ್ಲಿ ಏನೂ ಗೊತ್ತಾಗ್ತಿಲ್ಲ.”

“ನಿಮ್ಗೆ ಗೊತ್ತಾಗಲ್ಲಮ್ಮ. ಅದಕ್ಕೆ ತಲೆ ಬೇಕು.”

“ತಲೆ ಇಲ್ದೋರಿಗೂ ತಿಳಿಯೋ ಹಾಗೆ ಬರೀರಿ ಸಾರ್. ನಿಮ್ ಕೈಲಿ ಆಗುತ್ತಾ?”

ನನ್ನ ಕೈಲಿ ಆಗುತ್ತಾ! ಕೂತೆ ನೋಡಿ. ನಮ್ಮ ಟಿಕೆಟ್ ಆ್ಯಪಿನಲ್ಲಿ ರದ್ದಾದ ಬಸ್ ಸೀಟು ಇಬ್ಬರಿಗೆ ಮಾರಾಟವಾಗುತ್ತಿದ್ದದ್ದು ಏಕೆ, ಅದನ್ನು ಎಲ್ಲಿ ತಡೆದೆ, ನಾಳೆ ಮತ್ತೆ ಕೆಟ್ಟರೆ ಯಾವ ಸಾಲು ನೋಡಬೇಕು, ಎಲ್ಲವನ್ನೂ ಬರೆದೆ. ತೊಟ್ಟಿಲ ಮುಂದೆ ಅದನ್ನು ಓದಿದ್ದರೆ ಕೂಸು ಎದ್ದು ಕೂತು ಕೋಡ್ ಬರೆಯುತ್ತಿತ್ತು. ಅಷ್ಟಕ್ಕೇ ಬಿಡುವವನೇ ನಾನು? ಹಟಕ್ಕೆ ಬಿದ್ದು, ನಾನು ಹಿಂದೆ ಬರೆದಿದ್ದ ಕೋಡಿಗೆಲ್ಲ ಅಂಥದೇ ವಿವರಣೆ ಬರೆದು ಇಡೀ ಟೀಮಿನ ಮುಖಕ್ಕೆ ಎಸೆದೆ.

“ಈಗ್ಲಾದ್ರೂ ನಿಮ್ಮ ದಡ್ಡರ ಪಡೆಗೆ ಅರ್ಥ ಆಯ್ತೇನಮ್ಮಾ?”

“ಎಲ್ರಿಗೂ ಪೂರ್ತಿ ಅರ್ಥ ಆಯ್ತು ಸಾರ್,” ಎಂದಳು ಚಿನ್ಮಯಿ. “ನಿಮ್ಮನ್ನ ಮನೆಗೆ ಕಳ್ಸೋಕೆ ಎಚ್‌ಆರ್‌ನವ್ರು ಇದೊಂದಕ್ಕೇ ಕಾಯ್ತಿದ್ರು.”