ತೊಗಲಿಲ್ಲದ ಕ್ಯಾಮೆರಾ

"ಮುಟ್ಟಿ ನೋಡು ಬಾಳಾ, ತೊಗಲು ಎಳ್ಳಷ್ಟೂ ಉಳದಿಲ್ಲ," ಎಂದು ಕುಂಥುನಾಥ ಕ್ಯಾಮೆರಾವನ್ನು, ತಾನು ಮುದ್ದಿನಿಂದ ಬಾಳಾ ಎನ್ನುವ ಮಗಳು ಮನಾಲಿಯ ಮುಂದೆ ಹಿಡಿದ.

ಮನಾಲಿ ಕೈ ಚಾಚಲಿಲ್ಲ. ಎರಡು ವರ್ಷದ ಹಿಂದೆ ವ್ರತ ಹಿಡಿದಾಗಿನಿಂದ ಅವಳು ಚರ್ಮದ ವಸ್ತು ಮುಟ್ಟುವುದಿಲ್ಲ. ನಾಡಿದ್ದು ದಾನೋಳಿಯಲ್ಲಿ ಅವಳ ಜೈನ ಸಂನ್ಯಾಸದ ದೀಕ್ಷೆ. ಆಮೇಲೆ ಈ ಹೆಸರಿಲ್ಲ, ಮಾರುದ್ದದ ಈ ಜಡೆಯಿಲ್ಲ, ಅವಳು ಈ ಮನೆಯ ಮಗಳೂ ಅಲ್ಲ. ಊರೆಲ್ಲ ಕುಂಥುನಾಥನನ್ನು ಪುಣ್ಯವಂತ ಎನ್ನುತ್ತಿತ್ತು. ಪುಣ್ಯವಂತನಿಗೆ ಮೂರು ತಿಂಗಳಿಂದ ಊಟ ಸೇರುತ್ತಿರಲಿಲ್ಲ.

ಅವನಿಗೆ ಬೇಕಾಗಿದ್ದುದು ಜಡೆಯಿರುವ ಮಗಳ ಒಂದೇ ಒಂದು ಫೋಟೊ. ಮೊಬೈಲಿನಲ್ಲಿ ಬೇಕಾದಷ್ಟಿದ್ದವು, ಅವನ್ನೆಲ್ಲ ಫೋಟೊ ಎಂದು ಒಪ್ಪುವವರ ಪೈಕಿ ಅವನಲ್ಲ. ಅರ್ಧ ಶತಮಾನ ಹಳೆಯ, ರೀಲು ಹಾಕುವ ರೇಂಜ್‌ಫೈಂಡರ್ ಕ್ಯಾಮೆರಾಗಳನ್ನು ಬಿಚ್ಚಿ, ದಿನಬಳಕೆಗೆ ಸಜ್ಜು ಮಾಡಿಕೊಡುವುದು ಗಡಹಿಂಗ್ಲಜದಲ್ಲಿ ಅವನ ಕಸುಬು. ಹಳೆಯ ಫಿಲ್ಮ್ ರೀಲಿನ ಹುಚ್ಚು ಹತ್ತಿದ ಕೊಲ್ಲಾಪುರದ ಹುಡುಗರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಈ ಸಲ ಬಿಚ್ಚಿದ್ದು ತನ್ನದೇ ಕ್ಯಾಮೆರಾವನ್ನು. ಮೈಗೆ ಅಂಟಿದ್ದ ಚರ್ಮ ಸುಲಿದು ರೆಕ್ಸಿನ್ ಹಚ್ಚಿದ. ಈಗ ಎಲ್ಲೂ ಸಿಗದ ಹಳೆಯ ಸೆಲ್ಲಿನ ಜಾಗಕ್ಕೆ ಗಡಿಯಾರದ ಸೆಲ್ಲು ಹೊಂದಿಸಿದ. ಒಂದೆಳೆ ಬೆಳಕು ನುಸುಳಿದರೂ ಒಳಗಿನ ರೀಲು ಕೆಡುತ್ತದೆಂದು, ಮುಚ್ಚಳದ ಅಂಚಿಗೆ ಇಚಲಕರಂಜಿಯ ಮಗ್ಗದ ಕಪ್ಪು ನೂಲನ್ನು ಒತ್ತಿ ಕೂರಿಸಿದ.

"ಇದಕ್ಕ ಹಚ್ಚಿದ ಅಂಟು?" ಮನಾಲಿ ಕೇಳಿದಳು.

"ರಬ್ಬರಿಂದು. ಡಬ್ಬಿ ಮ್ಯಾಲಿಂದು ಓದೇ ತಂದೇನಿ."

"ಎಣ್ಣಿ?"

"ಮಷೀನಿಗೆ ಹಾಕೋದು. ಪ್ರಾಣಿದಲ್ಲ."

"ಮತ್ತ ಒಳಗಿನ ರೀಲಿಗೆ ಏನ ಹಚ್ಚಿರತಾರಪ್ಪಾ?"

ಕುಂಥುನಾಥ ಕ್ಯಾಮೆರಾದ ಗಾಜು ಒರೆಸತೊಡಗಿದ. ದನದ ಎಲುಬು, ತೊಗಲು ಕುದಿಸಿ ತೆಗೆದ ಜಿಲೆಟಿನ್ ಇಲ್ಲದೆ ರೀಲಿನ ಮೇಲೆ ಚಿತ್ರ ನಿಲ್ಲುವುದೇ ಇಲ್ಲ. ಮೂವತ್ತು ವರ್ಷದ ಕಸುಬಿನಲ್ಲಿ ಇದು ಅವನಿಗೆ ಗೊತ್ತಿರದ ಸಂಗತಿಯೇನಲ್ಲ. ಕ್ಯಾಮೆರಾದಲ್ಲಿ ಏನನ್ನು ಬೇಕಾದರೂ ಬದಲಿಸಬಹುದಿತ್ತು, ಇದೊಂದನ್ನು ಬಿಟ್ಟು.

"ಪ್ಲಾಸ್ಟಿಕ್ ಇರ್ತೈತಿ, ಮತ್ತೇನಿರ್ತೈತಿ," ಬಾಗಿಲಲ್ಲಿ ನಿಂತಿದ್ದ ಹೆಂಡತಿ ಶಾಲನ ಅಂದಳು. ಆಕೆಗೆ ಗೊತ್ತಿದ್ದುದೇ ಅಷ್ಟು. "ಕೂಡವ್ವಾ, ನಿಮ್ಮಪ್ಪಂದೊಂದ ಆಸೆ ಪೂರಾ ಆಗ್ಲಿ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಕುಂಥುನಾಥ ಅವಳ ಮಾತು ತಿದ್ದದೆ ಕುರ್ಚಿ ಎತ್ತಿ ಅಂಗಳದಲ್ಲಿಟ್ಟ.

ಮನಾಲಿ ಅಪ್ಪನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗಳದ ಬಿಸಿಲಿಗೆ ಬಂದು ಕುರ್ಚಿಯಲ್ಲಿ ಕೂತು, ಜಡೆಯನ್ನು ತಾನೇ ಮುಂದಕ್ಕೆ ಹಾಕಿಕೊಂಡಳು. ಕುಂಥುನಾಥ ಕಿಂಡಿಗೆ ಕಣ್ಣಿಟ್ಟ. ಚಿತ್ರ ಸ್ಪಷ್ಟವಾಗಲು, ಎರಡಾಗಿ ಕಾಣುವ ಮುಖ ಒಂದಾಗುವ ತನಕ ಲೆನ್ಸಿನ ಉಂಗುರ ತಿರುಗಿಸಬೇಕು. ಮತ್ತೆ ಮತ್ತೆ ಎರಡಾಯಿತು. ಕೊನೆಗೂ ಒಂದಾದಾಗ ಗುಂಡಿ ಒತ್ತಿದ.

ಅವಳು ಎದ್ದು ಬಂದು ಕೈಮುಗಿದಳು. ದೀಕ್ಷೆಗೆ ಹೊರಟವರು ಮನೆಯವರೆಲ್ಲರ ಕ್ಷಮೆ ಕೇಳುವುದು, ಅವರೂ ತಿರುಗಿ ಕೇಳುವುದು ಪದ್ಧತಿ.

"ಅಪ್ಪಾ, ತಿಳದೋ ತಿಳೀದನೋ ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ."

ಅದೇ ಮಾತನ್ನು ತಿರುಗಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ವರ್ಷವರ್ಷವೂ ಪರ್ವದ ಕೊನೆಯ ದಿನ ಬಸದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಾಯಿಪಾಠವಾದ ಮಾತು. ಕುಂಥುನಾಥ "ತಿಳದೋ..." ಎಂದ. ಕೈಯಲ್ಲಿದ್ದ ಕ್ಯಾಮೆರಾದತ್ತ ನೋಡಿದ.

"ತಿಳದ ಮಾಡೇನಿ ಬಾಳಾ," ಎಂದ. "ರೀಲಿನ್ಯಾಗ ದನದ ಎಲುವಿನ ಅಂಟ ಐತಿ. ನನಗ ಮೊದಲಿಂದ ಗೊತ್ತಿತ್ತು."

ಶಾಲನ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. ಮನಾಲಿಗೆ ಸಿಟ್ಟು ಬರಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣು ತುಂಬಿದವು.

"ಅವ್ವ ಪ್ಲಾಸ್ಟಿಕ್ ಅಂದಾಗ ನಿಮ್ಮ ಮಾರಿ ನೋಡೇ ನನಗ ತಿಳದಿತ್ರಿ ಅಪ್ಪಾ. ನಿಮ್ಮ ಕಡೆ ಒಂದ ಫೋಟೊ ಇರ್ಲಿ, ಪಾಪ ಬಂದ್ರ ನನಗ ಬರ್ಲಿ ಅಂತ ಸುಮ್ಮನ ಕೂತಿದ್ದೆ. ಈಗ್ಯಾಕ ಬಾಯಿ ಬಿಟ್ರಿ?"

ಅವಳ ತಲೆಗೆ ಪಾಪ ಕಟ್ಟಿ ಕಳಿಸಿ, ತಾನು ಫೋಟೊ ನೋಡುತ್ತ ಕೂರುವುದು ಕುಂಥುನಾಥನಿಂದಾಗುವಂತಿರಲಿಲ್ಲ. ಅಂಗಳದ ನಟ್ಟನಡುವೆ ನಿಂತು ಕ್ಯಾಮೆರಾದ ಹಿಂಬದಿಯ ಕೊಂಡಿ ಸರಿಸಿದ. ಮುಚ್ಚಳ ತೆರೆದುಕೊಂಡಿತು.

"ಅಯ್ಯ, ಬ್ಯಾಡ್ರಿ!" ಎಂದು ಓಡಿ ಬಂದ ಶಾಲನ ಅದನ್ನು ಕಸಿದುಕೊಂಡು, ಸೆರಗು ಮುಚ್ಚಿ ಎದೆಗವಚಿಕೊಂಡಳು. ಬಿಸಿಲು ಆಗಲೇ ಒಳಗೆ ಹೋಗಿಯಾಗಿತ್ತು.