ತಿಪ್ಪೆಯ ಕರಿಗಡುಬು

ಗಿರಣಿಯಲ್ಲೇ ಹಿಟ್ಟಿಗೆ, ಕೆಡದಂತೆ ಕಾಯುವ ಕಾಪುಸೊಪ್ಪಿನ ರಸ ಬೆರೆಸತೊಡಗಿದ ಮೇಲೆ ತಿಂಡಿ ಹಳಸುವುದು ನಿಂತಿತು. ಎಸೆದದ್ದು ಕೊಳೆಯುವುದೂ ನಿಂತಿತು. ಹಾಗಾಗಿ ಪ್ರತಿ ಯುಗಾದಿಗೆ ಮುಂಚೆ ಓಣಿಯವರೆಲ್ಲ ಕೂಡಿ ತಿಪ್ಪೆ ಬಗೆದು, ತಮ್ಮ ತಮ್ಮ ಮನೆಯಿಂದ ಎಸೆದ ತಿಂಡಿಯನ್ನು ಆರಿಸಿ ದನಗಳಿಗೆ ಹಾಕುತ್ತಿದ್ದರು.

ಈ ಸಲ ಗಂಗಪ್ಪನ ಸಲಿಕೆಗೆ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಕರಿಗಡುಬು, ನಿನ್ನೆ ಕರಿದಂತಿದ್ದವು.

“ಯಾರವು ಇವು?”

ಕೂಸನ್ನು ಎತ್ತಿಕೊಂಡಿದ್ದ ಶೈಲಾ ತಲೆ ತಗ್ಗಿಸಿದಳು. ಅವಳು ಬಸುರಿ ಇದ್ದಾಗ ಪಕ್ಕದ ಮನೆಯ ನೀಲವ್ವ ಬಯಕೆಗೆಂದು ಮಾಡಿಕೊಟ್ಟ ಕಡುಬು. ನೀಲವ್ವನ ಕೈಗಳ ತೊನ್ನಿಗೆ ಹೇಸಿ ಒಂದನ್ನೂ ತಿನ್ನದೆ ಎಸೆದಿದ್ದಳು. ‘ಭಾಳ ಛಲೋ ಆಗಿದ್ವು’ ಅಂತಲೂ ನೀಲವ್ವನಿಗೆ ಹೇಳಿದ್ದಳು.

ನೀಲವ್ವ ಗಂಟಿನ ಬಟ್ಟೆ ನೋಡಿದಳು. ಅದು ಅವಳದೇ ಹಳೆಯ ಸೀರೆಯ ಚೂರು.

“ನನ್ನವೇ ಅದಾವು. ಉಳದಿದ್ವು, ನಾನೇ ಒಗದಿದ್ದೆ,” ಎಂದು ಎಲ್ಲರೆದುರು ಹೇಳಿ ಉಡಿಗೆ ಹಾಕಿಕೊಂಡಳು.

ಕೂಸು ದಿನದಂತೆ ಅವಳತ್ತ ಬಾಗಿ ಕೈ ಚಾಚಿತು. ಶೈಲಾ ಅದನ್ನು ಮುಂದೆ ಒಡ್ಡಿದಳು. “ಎತ್ಕೋರಿ ಅಕ್ಕಾರ.”

“ಬ್ಯಾಡವ್ವ, ಕೈ ಹೊಲಸಾಗ್ಯಾವ,” ಎಂದು ನೀಲವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.